ಅರಿಶಿನ ಹಚ್ಚಿದ ಕಾಗದಗಳು

ನಾನು ಹೇಳುತ್ತಿರುವುದು ನಮ್ಮೂರಿಗೆ ಕರೆಂಟು ಬರುವುದಕ್ಕೆ ಮುಂಚಿನ ಮಾತು. ಆಗ ಬಸ್ಸೂ ಬರುತ್ತಿರಲಿಲ್ಲ, ಡಾಕ್ಟರೂ ಬರುತ್ತಿರಲಿಲ್ಲ. ಮಂಡಿಕಲ್ಲಿನಿಂದ ಟಪಾಲು ಮಾತ್ರ ತಪ್ಪದೆ ಬರುತ್ತಿತ್ತು. ಆ ಕಡೆ ಹುಟ್ಟಿ ಬೆಳೆದವರಿಗೆ ಆಗಿನ ಮನೆಗಳ ನಡುಮನೆ ನೆನಪಿರಬೇಕು. ಒಂದು ಕಂಬಕ್ಕೆ ಮಜ್ಜಿಗೆ ಕಡೆಯುವ ಹಗ್ಗ, ಇನ್ನೊಂದು ಕಂಬಕ್ಕೆ ಕಾಗದ ಚುಚ್ಚುವ ತಂತಿ. ಬಂದ ಕಾಗದವನ್ನು ಓದಿಸಿ ಕೇಳಿ ಆ ತಂತಿಗೆ ಚುಚ್ಚುವುದು, ತಂತಿ ತುಂಬಿದರೆ ದಾರ ಕಟ್ಟಿ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗೆ ಹಾಕುವುದು. ಹಾಗೆ ನಮ್ಮ ಮನೆಯಲ್ಲಿ ತಾತನ ಅಪ್ಪನ ಕಾಲದಿಂದಲೂ ಕಾಗದಗಳು ಬಿದ್ದಿದ್ದವು. ಒಂದೊಂದರ ನಟ್ಟನಡುವೆಯೂ ತೂತು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಲೆಯ ಹೊಗೆ, ಒಣಗಿದ ಬೇವಿನೆಲೆ, ಇಲಿ ಪಿಕ್ಕೆ ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ಆ ವಾಸನೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಮನೆಯಲ್ಲಿ ಕಾಗದ ಓದುವವಳು ಸರೋಜತ್ತೆ. ನಮ್ಮಪ್ಪನ ಕೊನೆಯ ತಂಗಿ. ಚಿಕ್ಕಬಳ್ಳಾಪುರದಲ್ಲಿ ನೆಂಟರ ಮನೆಯಲ್ಲಿದ್ದು ಮಿಡ್ಲ್‌ಸ್ಕೂಲಿನ ತನಕ ಓದಿದ್ದಳು. ತಾತನಿಗೆ ಸಹಿ ಹಾಕಲು ಮಾತ್ರ ಬರುತ್ತಿತ್ತು, ಅಜ್ಜಿಗೆ ಅದೂ ಬರುತ್ತಿರಲಿಲ್ಲ. ನಮ್ಮಪ್ಪನಿಗೆ ಓದು ಬರುತ್ತಿದ್ದರೂ ಹಗಲೆಲ್ಲ ಹೊಲದಲ್ಲೇ ಇರುತ್ತಿದ್ದ. ನಾಲ್ಕನೇ ಕ್ಲಾಸಿನಲ್ಲಿದ್ದ ನನಗೆ ಅಚ್ಚಿನ ಅಕ್ಷರ ಓದಲು ಬರುತ್ತಿತ್ತೇ ಹೊರತು ಶಾನುಭೋಗರ ಕೈಬರಹ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು.

ಅಮ್ಮನಿಗಿಂತ ನನಗೆ ಅತ್ತೆಯ ಸಲಿಗೆಯೇ ಹೆಚ್ಚು. ಹುಣಸೆಬೀಜ ಹಾಕಿಕೊಂಡು ಅಳಿಗುಳಿಮಣೆ ಆಡುತ್ತಿದ್ದೆವು. ಚಿಕ್ಕವಳು ಅಂತ ಬೇಕೆಂದೇ ಸೋತುಕೊಡುವ ಪೈಕಿ ಅವಳಲ್ಲ. ನಾನು ಅತ್ತರೂ ಅಷ್ಟೇ, ಗೆದ್ದ ಬೀಜಗಳನ್ನೆಲ್ಲ ಬಾಚಿಕೊಂಡು, "ಆಟ ಅಂದ್ಮೇಲೆ ಆಟ ಕಣೇ ಲಲ್ಲಿ" ಅನ್ನುತ್ತಿದ್ದಳು. ಹತ್ತೊಂಬತ್ತು ತುಂಬಿದ್ದರೂ ಅವಳಿಗೆ ಮದುವೆಯಾಗಿರಲಿಲ್ಲ. ಒಂದು ಸಂಬಂಧ ಜಾತಕ ಕೂಡಲಿಲ್ಲವೆಂದು ಹೋಗಿತ್ತು. ಇನ್ನೊಂದು, ಮಾತುಕತೆ ಆದ ವಾರದಲ್ಲೇ ಗಂಡಿನ ತಾಯಿ ತೀರಿಕೊಂಡರೆಂದು ಹೋಗಿತ್ತು. ಅತ್ತೆ ನೀರಿಗೆ ಹೋದರೆ ಬಾವಿಕಟ್ಟೆಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಮೂರನೆಯ ಸಂಬಂಧ ಬಂದದ್ದು ಆ ವರ್ಷದ ಯುಗಾದಿ ಕಳೆದ ಮೇಲೆ. ಚಿಂತಾಮಣಿ ಕಡೆಯ ಹಳ್ಳಿಯೊಂದರ ಸ್ಕೂಲು ಮೇಷ್ಟ್ರು. ಹೆಸರು ನಾರಾಯಣಸ್ವಾಮಿ. ತಂದೆಯಿಲ್ಲದ ಹುಡುಗ, ದೊಡ್ಡಪ್ಪನನ್ನು ಮುಂದಿಟ್ಟುಕೊಂಡು ಬಂದಿದ್ದರು. ಅಜ್ಜಿ ಉಪ್ಪಿಟ್ಟು ಮಾಡಿ ಬೆಲ್ಲದ ಕಾಫಿ ಕೊಟ್ಟಳು. ಹೆಣ್ಣು ನೋಡಲು ಬಂದವರೆಲ್ಲ ಹಾಡು ಬರುತ್ತದಾ, ಮುದ್ದೆ ತಿರುವಲು ಬರುತ್ತದಾ ಎಂದು ಕೇಳುವುದು ರೂಢಿ. ಈ ಮೇಷ್ಟ್ರು ಮಾತ್ರ, "ಓದೋದು ಯಾಕೆ ಬಿಟ್ರಿ?" ಎಂದು ಅತ್ತೆಯನ್ನು ಬಹುವಚನದಲ್ಲಿ ಕೇಳಿದರು. ಅತ್ತೆ ತಲೆ ಎತ್ತಿ, "ನಾನು ಬಿಡ್ಲಿಲ್ಲ, ಬಿಡಿಸಿದ್ರು" ಎಂದಳು. ಅಜ್ಜಿ ಗಾಬರಿಯಾದಳು. ಮೇಷ್ಟ್ರು ನಕ್ಕರು. ಆ ಸಂಜೆ ಅತ್ತೆ ನನ್ನ ತಲೆ ಬಾಚುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು. ಸಿಕ್ಕು ಬಿಡಿಸುವಾಗ ಅವತ್ತು ಒಂದು ಸಲವೂ ನನಗೆ ನೋವಾಗಲಿಲ್ಲ.

ಆದರೆ ಅಷ್ಟರಲ್ಲಾಗಲೇ, ಅವರು ಹೊರಡುವಾಗ ಒಂದು ಮಾತು ಬಂದು ಎಲ್ಲ ಅಲ್ಲಿಗೇ ನಿಂತಿತ್ತು. ಗಂಡಿನ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿಮ್ಮ ಮನೆದೇವ್ರು ಯಾವ್ದು ಯಜಮಾನ್ರೇ?" ಎಂದು ಕೇಳಿದರು. ತಾತ ಹೇಳಿದ. ಅವರು ಚಪ್ಪಲಿ ಬಿಟ್ಟು ಮತ್ತೆ ಜಗಲಿಯ ಮೇಲೆ ಕೂತರು. ಅವರದೂ ಅದೇ ದೇವರು. ಮನೆದೇವರು ಒಂದಾದರೆ ಹಿಂದೆ ಎಲ್ಲೋ ಬುಡವೂ ಒಂದೇ ಇರಬಹುದು, ಬುಡ ಒಂದಾದರೆ ದಾಯಾದಿಗಳು, ದಾಯಾದಿಗಳ ಮಕ್ಕಳು ಎಷ್ಟು ತಲೆಮಾರು ದಾಟಿದರೂ ಅಣ್ಣ ತಂಗಿಯರೇ. ಇದರಲ್ಲಿ ನಮ್ಮ ಜನ ರಾಜಿ ಮಾಡಿಕೊಳ್ಳುವುದಿಲ್ಲ.

"ನಮ್ಮ ಬುಡ ನಮ್ಗೇ ಸರಿಯಾಗಿ ಗೊತ್ತಿಲ್ಲ" ಎಂದರು ದೊಡ್ಡಪ್ಪ. "ನಮ್ಮಪ್ಪ ಬಚ್ಚಪ್ಪ ಅಂತ. ಪ್ಲೇಗು ಬಂದ ಕಾಲ್ದಲ್ಲಿ ಅಪ್ಪ ಅಮ್ಮ ಹೋಗಿ, ನಮ್ಮೂರಾಗೆ ಯಾರೋ ಪುಣ್ಯಾತ್ಮರು ತಂದು ಸಾಕಿದ್ರಂತೆ. ಮಂಡಿಕಲ್ ಕಡೆಯೋರ ಮಗು, ಮನೆದೇವ್ರು ಇಂಥದ್ದು, ಅಷ್ಟೇ ಗೊತ್ತಿರೋದು. ಈಗ ನೋಡಿದ್ರೆ ನೀವೂ ಮಂಡಿಕಲ್ ಕಡೆಯೋರೇ."

"ನಮ್ಮೋರಲ್ಲಿ ಆ ಕಡೆ ಹೋದೋರು ಅಂದ್ರೆ ನಮ್ಮ ಚಿಕ್ಕಪ್ಪ ಬೈರಪ್ಪ ಒಬ್ನೇ" ಎಂದ ತಾತ. "ಮನೆ ಅಳಿಯ ಆಗಿ ಹೋದ್ನಂತೆ. ನಾನಾಗ ಎದೆಹಾಲು ಕುಡಿಯೋ ಮಗು. ಆಮೇಲೇನಾಯ್ತೋ, ನಮ್ಮಪ್ಪ ಅವ್ನ ಹೆಸ್ರೇ ಎತ್ತುತಿರ್ಲಿಲ್ಲ. ಏನೋ ಮುನಿಸಿರ್ಬೇಕು."

"ಅವ್ರು ಇವ್ರು ಹೇಳೋ ಬಾಯಿಮಾತು ಬ್ಯಾಡ. ಹಳೇ ಕಾಗ್ದ ಇದ್ರೆ ತೆಗ್ಸಿ ನೋಡಿ. ಬುಡ ಬೇರೆ ಅಂತಾದ್ರೆ ಮಳೆಗಾಲ ಹಿಡಿಯೋಕೆ ಮುಂಚೆ ಲಗ್ನ ಇಟ್ಕೊಳ್ಳಣ. ಒಂದೇ ಅಂತಾದ್ರೆ, ಹೆಣ್ಣುಮಗು ನಮ್ಗೂ ಮಗಳೇ ಆಗ್ತದೆ. ಸೀರೆ ಕೊಟ್ಟು ಕಳಿಸ್ತೀವಿ."

ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಪಕ್ಕದಲ್ಲೇ ನಾನೂ ಇದ್ದೆ.

ಹೀಗೆ ಆ ಬೇಸಿಗೆ ರಜ ನನಗೆ ಕಾಗದ ಹುಡುಕುವ ರಜವಾಯಿತು. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಸಾಲದೆಂದು ತಾತ ನೆಂಟರ ಮನೆಗಳಿಗೆ ಹೊರಟ, ನಾನು ಹಠ ಮಾಡಿ ಬಾಲದಂತೆ ಹಿಂದೆ ಬಿದ್ದೆ. ಚಿಕ್ಕಬಳ್ಳಾಪುರದಲ್ಲಿ ಚಿಕ್ಕ ರೈಲು ಹತ್ತಿ ಶಿಡ್ಲಘಟ್ಟಕ್ಕೆ ಹೋದೆವು. ಓಡಿದರೆ ಹಿಡಿಯಬಹುದಾದಷ್ಟು ನಿಧಾನದ ರೈಲು ಅದು. ಕಿಟಕಿಯಲ್ಲಿ ತಲೆ ಹಾಕಿ ಕಣ್ಣಿಗೆ ಮಸಿ ಬೀಳಿಸಿಕೊಂಡು ಅತ್ತುಬಿಟ್ಟೆ. ಶಿಡ್ಲಘಟ್ಟದಲ್ಲಿ ತಾತನ ತಂಗಿಯ ಮನೆ ತುಂಬ ರೇಷ್ಮೆಹುಳು. ನಡುಮನೆ, ಜಗಲಿ ಎಲ್ಲೆಲ್ಲೂ ತಟ್ಟೆಗಳು. ನಾವು ಮಲಗಿದ್ದು ಬೀದಿಯಲ್ಲಿ. ಹುಣಸೆಚಿಗುರಿನ ಸಾರು, ಮುದ್ದೆ ಹಾಕಿದರು, ಆದರೆ ಪಕ್ಕದ ಮನೆಯಲ್ಲಿ ಗೂಡು ಬೇಯಿಸುವ ನಾತಕ್ಕೆ ನನ್ನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಅವರ ಕಾಗದಗಳಲ್ಲಿ ಅರ್ಧ ಮರಿಹುಳುಗಳ ತಟ್ಟೆಗೆ ಹಾಸಲು ಖರ್ಚಾಗಿದ್ದವು. ಉಳಿದದ್ದನ್ನು ಕಟ್ಟಿಕೊಟ್ಟರು.

ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿ ಅಕ್ಕಯ್ಯಜ್ಜಿ ಇದ್ದಳು. ತಾತನ ಸೋದರತ್ತೆ, ಆ ಬೈರಪ್ಪನ ತಂಗಿ. ಗಂಡ ತೀರಿಹೋಗಿ ಮಗಳ ಮನೆಯಲ್ಲಿದ್ದಳು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಮೊಮ್ಮಗ ಅವಳ ಪೆಟ್ಟಿಗೆಯಿಂದ ಒಂದು ಕಟ್ಟು ತೆಗೆದು ತಾತನ ಕೈಗೆ ಕೊಟ್ಟ. ಅಕ್ಕಯ್ಯಜ್ಜಿ ಜಗಲಿಯ ಮೇಲೆ ಕೂತು ನನ್ನ ಮುಖವನ್ನೆಲ್ಲ ಕೈಯಲ್ಲಿ ತಡವಿ ನೋಡಿ ಹುರಿಗಡಲೆ ಕೊಟ್ಟಳು.

"ಎಂದುಕುರಾ, ಯಾತಕ್ಕೋ ಈ ಹಳೇ ಕಾಗ್ದ ಎಲ್ಲಾ ಈಗ?" ಎಂದು ತಾತನನ್ನು ಕೇಳಿದಳು. ಆ ಕಡೆ ಅರ್ಧ ಮಾತು ತೆಲುಗಿನಲ್ಲೇ.

"ಏನಿಲ್ಲ, ಸುಮ್ನೆ" ಎಂದ ತಾತ. ಹೆಣ್ಣುಮಗಳ ಸಂಬಂಧ ತೂಗಾಡುತ್ತಿದೆಯೆಂದು ಊರೂರಲ್ಲಿ ಹೇಳಿಕೊಂಡು ಬರುವುದು ಅವನಿಗೆ ಅವಮಾನ. ಅದೂ ಅಲ್ಲದೆ ಕಾಗದ ಕೈಗೆ ಬಂದಮೇಲೆ ಮುದುಕಿಯ ಹತ್ತಿರ ಮಾತೇಕೆ ಎಂದುಕೊಂಡಿರಬೇಕು. ಬಿಸಿಲು ಏರುವ ಮೊದಲೇ ಹೊರಟುಬಿಟ್ಟೆವು.

ಊಟವಾದ ಮೇಲೆ ಜಗಲಿಯ ಮೇಲೆ ಓದು ನಡೆಯುತ್ತಿತ್ತು. ತಾತ ಕಂಬಕ್ಕೆ ಒರಗಿ ಕೂರುತ್ತಿದ್ದ, ಅಜ್ಜಿ ಮೊರದಲ್ಲಿ ಏನಾದರೂ ಆರಿಸುತ್ತಿದ್ದಳು. ನಾನು ಒಂದೊಂದೇ ಕಾಗದ ಬಿಡಿಸಿ ಧೂಳು ಒರೆಸಿ ಕೊಡುತ್ತಿದ್ದೆ. ಕೆಲವು ಕಾಗದ ಕನ್ನಡ ಅಕ್ಷರದಲ್ಲಿ ಬರೆದ ತೆಲುಗು. ಅತ್ತೆ ಅದನ್ನೂ ಓದುತ್ತಿದ್ದಳು. "ಶ್ರೀ" ಎಂಬಲ್ಲಿಂದ ಹಿಡಿದು, ಉಭಯಕುಶಲೋಪರಿ ಎಲ್ಲ ಹೇಳಿ, ಕೊನೆಯಲ್ಲಿ ಬರೆದುಕೊಟ್ಟ ಶಾನುಭೋಗರ ಹೆಸರಿನ ತನಕ ಒಂದು ಅಕ್ಷರ ಬಿಡದೆ ಓದುವುದು ಅವಳ ಕ್ರಮ. ಓದಿದ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹೆಸರು ಬರೆದು ಯಾರ ಮಗ ಯಾರೆಂದು ಗೆರೆ ಎಳೆಯುತ್ತಿದ್ದಳು. ಮನೆಯ ಬೇರೆ ಯಾರೂ ಅವಳಷ್ಟು ಶ್ರದ್ಧೆಯಿಂದ ಆ ಕೆಲಸ ಮಾಡುತ್ತಿರಲಿಲ್ಲ. ತನ್ನ ಮದುವೆ ಆ ಗೆರೆಗಳ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು.

ಕಾಗದಗಳ ಮೂಲೆಗಳಲ್ಲೆಲ್ಲ ಅರಿಶಿನದ ಕಲೆ. ಇಂಥವರಿಗೆ ಗಂಡುಮಗು ಹುಟ್ಟಿತು, ಇಂಥವಳು ಮೈನೆರೆದಳು, ಇಂಥ ದಿನ ಲಗ್ನ, ಇಂಥವರ ಬಾವಿಯಲ್ಲಿ ನೀರು ಬಿತ್ತು. ಒಂದು ಮಗುವಿನ ನಾಮಕರಣಕ್ಕೆ ಬನ್ನಿ ಎಂದಿದ್ದರೆ ಇನ್ನೊಂದು ಮಗುವಿನ ಕಿವಿ ಚುಚ್ಚುವುದಕ್ಕೆ ಬನ್ನಿ ಎಂದಿತ್ತು. ನನಗೆ ಬಹಳ ಸಂತೋಷವಾಗುತ್ತಿತ್ತು. ನಮ್ಮ ವಂಶದಲ್ಲಿ ಇಷ್ಟೊಂದು ಜನ, ಎಲ್ಲರ ಮನೆಯಲ್ಲೂ ಸದಾ ಹಬ್ಬ ಎಂದುಕೊಂಡಿದ್ದೆ.

"ಅಲ್ಲ ಅಪ್ಪಾ, ಈ ಗೌರಮ್ಮ ಅನ್ನೋಳ ಹೆಸ್ರು ಮದ್ವೆ ಕಾಗ್ದದಲ್ಲಿ ಬಂತು. ಆಮೇಲೆ ಎಲ್ಲೂ ಇಲ್ವಲ್ಲ. ಏನಾದ್ಲು?" ಎಂದು ಅತ್ತೆ ಕೇಳಿದ್ದು ನೆನಪಿದೆ.

"ಎಲ್ಲೋ ಇರ್ತಾಳೆ ಬಿಡಮ್ಮ. ಕಾಗ್ದ ಬರ್ಸಕೆ ಎಲ್ರಿಗೂ ಪುರುಸೊತ್ತು ಇರ್ತದಾ" ಎಂದ ತಾತ.

ಆ ಕಾಗದ ಬಂದದ್ದು ಅಕ್ಕಯ್ಯಜ್ಜಿಯ ಕಟ್ಟಿನಲ್ಲಿ. ನಾನೇ ಬಿಡಿಸಿ ಕೊಟ್ಟೆ. ತಾತನ ಅಪ್ಪನಿಗೆ ಚಿಂತಾಮಣಿ ಕಡೆಯಿಂದ ಬರೆಸಿದ್ದು. ಮದುವೆಯಾಗಿ ಹೋಗುವಾಗ ಅಕ್ಕಯ್ಯಜ್ಜಿ ಅಣ್ಣನ ನೆನಪಿಗೆಂದು ಅದನ್ನು ಒಯ್ದಿದ್ದಳೋ ಏನೋ. ಅತ್ತೆ ಓದುತ್ತಾ ಹೋದವಳು ನಡುವೆ ನಿಲ್ಲಿಸಿದಳು. ಅವಳ ಬೆರಳು ಒಂದು ಸಾಲಿನ ಕೆಳಗೆ ನಿಂತಿತು.

"ಯಾಕಮ್ಮಾ, ಅಕ್ಷರ ಅಳಿಸೋಗೈತಾ?" ಎಂದ ತಾತ.

ಅತ್ತೆ ಅವನ ಮುಖ ನೋಡಿದಳು, ಬೀದಿಯ ಕಡೆ ನೋಡಿದಳು. ಆಮೇಲೆ ಎಂದಿನ ದನಿಯಲ್ಲೇ ಓದಿದಳು. "ತಮ್ಮ ಸಹೋದರನಾದ ಬೈರಪ್ಪನ ಹೆಂಡತಿಗೆ ಸುಖಪ್ರಸವವಾಗಿ ಗಂಡುಶಿಶು ಜನನವಾಗಿರುತ್ತೆ. ಬಚ್ಚಪ್ಪ ಎಂದು ನಾಮಕರಣ ಮಾಡಿರುತ್ತೆ. ತಾಯಿ ಮಗು ಕ್ಷೇಮ."

ಅಜ್ಜಿ ಮೊರ ಆಡಿಸುವುದನ್ನು ನಿಲ್ಲಿಸಿದಳು. ತಾತ, "ಅಂದ್ರೆ ಅವ್ರ ತಾತ ನಮ್ಮ ಬೈರಪ್ಪ ಚಿಕ್ಕಪ್ಪನ ಮಗ" ಎಂದ. ಅದನ್ನು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಅತ್ತೆ ಕಾಗದದ ಉಳಿದ ಸಾಲುಗಳನ್ನೂ ಓದಿ ಮುಗಿಸಿದಳು. ಕ್ಯಾಲೆಂಡರಿನ ಬೆನ್ನಿಗೆ ಬೈರಪ್ಪನ ಕೆಳಗೆ ಬಚ್ಚಪ್ಪ ಎಂದು ಬರೆದು ಗೆರೆ ಎಳೆದಳು. ಗೆರೆ ಸೊಟ್ಟಗಾಗಲಿಲ್ಲ.

ಮಾರನೆಯ ದಿನವೇ ತಾತ ಚಿಂತಾಮಣಿಗೆ ಹೇಳಿ ಕಳಿಸಿದ. ಅವರು ಮಾತಿಗೆ ತಪ್ಪಲಿಲ್ಲ, ತಂಗಿಗೆ ಕೊಡುವ ಹಾಗೆ ಒಂದು ಹಸಿರು ಸೀರೆ ಕೊಟ್ಟು ಕಳಿಸಿದರು. ಅತ್ತೆ ಅದನ್ನು ಮುಟ್ಟಲಿಲ್ಲ. ಅಜ್ಜಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಮಳೆ ಹಿಡಿದ ಮೇಲೆ ಒಂದು ಸಂಜೆ ಅವರೆ ಬಿತ್ತಿ ಬರುತ್ತಾ ನಾನು ಕೇಳಿದೆ. "ಆ ಒಂದು ಸಾಲು ಬಿಟ್ಟು ಓದಿದ್ರೆ ತಾತಂಗೆ ಗೊತ್ತಾಗ್ತಿತ್ತಾ ಅತ್ತೆ?"

"ಗೊತ್ತಾಗ್ತಿರ್ಲಿಲ್ಲ."

"ಮತ್ತೆ?"

"ನಂಗೆ ಗೊತ್ತಿರ್ತಿತ್ತಲ್ಲ. ಅಣ್ಣನ ಮಗ ಆಗ್ಬೇಕಾದೋನ್ನ ಗಂಡ ಅನ್ನಕಾಗ್ತದೇನೇ? ದಿನಾ ಮುಖ ನೋಡಿದಾಗ್ಲೂ ಆ ಸಾಲೇ ಕಾಣೋದು." ಸ್ವಲ್ಪ ದೂರ ನಡೆದು, "ಅವ್ರು ನಿಜವಾಗ್ಲೂ ಒಳ್ಳೇವ್ರು ಕಣೇ. ನೋಡಿದ್ರೆ ಗೊತ್ತಾಗ್ತದೆ" ಎಂದಳು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಮೂರು ಸಂಬಂಧ ಮುರಿದ ಹೆಣ್ಣಿಗೆ ಇನ್ನು ಆರಿಸುವ ಹಕ್ಕಿಲ್ಲ ಎಂದು ಊರೇ ತೀರ್ಮಾನಿಸಿತು. ಗೌರಿಬಿದನೂರು ಕಡೆಯಿಂದ ಎರಡನೇ ಸಂಬಂಧದ ಗಂಡು ಬಂತು. ನಲವತ್ತರ ಮೇಲಿನ ವಯಸ್ಸು, ಮೊದಲ ಹೆಂಡತಿಯ ಎರಡು ಮಕ್ಕಳು, ಕೆರೆ ಕೆಳಗೆ ಗದ್ದೆ. ಹೆಣ್ಣು ನೋಡಲು ಬಂದವನು ಅತ್ತೆಯನ್ನು ಏನೂ ಕೇಳಲಿಲ್ಲ. ಕೊಟ್ಟಿಗೆಗೆ ಹೋಗಿ ನಮ್ಮ ಎತ್ತುಗಳ ಹಲ್ಲು ನೋಡಿ ಬಂದ. ಅವರ ಮನೆದೇವರು ಬೇರೆ. ತಾತನಿಗೆ ಅಷ್ಟು ಸಾಕಾಯಿತು. ಮಾಘದಲ್ಲಿ ಲಗ್ನವಿಟ್ಟರು.

ಚಪ್ಪರ ಹಾಕಿದ ದಿನ ಮಧ್ಯಾಹ್ನ ಅಕ್ಕಯ್ಯಜ್ಜಿಯನ್ನು ಮೊಮ್ಮಗ ಗಾಡಿಯಲ್ಲಿ ಕರೆತಂದ. ನಡುಮನೆಯಲ್ಲಿ ಅತ್ತೆಯನ್ನು ಹಸೆಯ ಮೇಲೆ ಕೂರಿಸಿ ಹೆಂಗಸರು ಅರಿಶಿನ ಹಚ್ಚಲು ಶುರುಮಾಡಿದ್ದರು. ಒಬ್ಬಳು ಒನಕೆ ಹಾಡು ಹೇಳುತ್ತಿದ್ದಳು. ಮುದುಕಿ ಅತ್ತೆಯ ಪಕ್ಕದಲ್ಲೇ ಕೂತು ಅವಳ ಕೆನ್ನೆ ತಡವಿ, ನಮ್ಮಜ್ಜಿಯನ್ನು ಕೇಳಿದಳು. "ಈ ಬಂಗಾರದಂತ ಹುಡ್ಗೀನ ಯಾಕಮ್ಮ ಎರಡನೇ ಸಂಬಂಧಕ್ಕೆ ಕೊಡ್ತೀರಾ? ಯಾರೋ ಮೇಷ್ಟ್ರು ಬಂದಿದ್ರಂತಲ್ಲ?"

"ಬುಡ ಒಂದೇ ಆಯ್ತು" ಎಂದು ಅಜ್ಜಿ ಪಿಸುಗುಟ್ಟಿದಳು. "ನಿಮ್ಮಣ್ಣ ಬೈರಪ್ಪನ ಮಗ ಬಚ್ಚಪ್ಪನೇ ಆ ಮೇಷ್ಟ್ರ ತಾತ ಅಂತ ನಿಮ್ಮ ಪೆಟ್ಗೆ ಕಾಗ್ದದಲ್ಲೇ ಸಿಕ್ತು."

"ಬಚ್ಚಪ್ಪನಾ?" ಮುದುಕಿಗೆ ಅರ್ಥವೇ ಆಗಲಿಲ್ಲ. "ವಾಡು ಎಪ್ಪುಡೋ ಪೋಯಾಡು ಕದಮ್ಮಾ, ಎಂದೋ ಸತ್ತೋದ. ನಡೆಯಕ್ಕೂ ಬರ್ತಿರ್ಲಿಲ್ಲ ಅದ್ಕೆ. ಪ್ಲೇಗಲ್ಲಿ ಅಣ್ಣ, ಅತ್ಗೆ, ಮಗು ಮೂರೂ ಹೋದ್ರು. ದ್ವಡ್ಡಣ್ಣನೇ ಹೋಗಿ ಮೂವರ್ನೂ ಮಣ್ಣು ಮಾಡಿ ಬಂದ. ಹೋದ್ರು ಅಂತ ಆಳಿನ ಕೈಲಿ ಮೊದ್ಲು ಕಾಗ್ದ ಬಂದಿದ್ದು ಇದೇ ಬಾಗ್ಲಿಗೆ. ಹೊಸ್ಲಾಚೆ ನಿಂತು ಓದಿಸಿ, ಹರಿದು ಹಾಕಿ, ನಮ್ಗೆಲ್ಲ ತಲೆ ಮೇಲೆ ತಣ್ಣೀರು ಹೊಯ್ದ್ರು. ನಂಗೆ ಚಳಿಗೆ ಹಲ್ಲು ಕಡಿತಿತ್ತು. ಚೆನ್ನಾಗಿ ಗ್ಯಾಪ್ಕ ಐತೆ."

ಹಾಡು ನಿಂತಿತು.

ಸಾವಿನ ಕಾಗದವನ್ನು ನಮ್ಮಲ್ಲಿ ಮನೆಯೊಳಗೆ ತರುವುದಿಲ್ಲ. ಬೀದಿಯಲ್ಲೇ ಓದಿ ಅಲ್ಲೇ ಹರಿದು, ಸ್ನಾನ ಮಾಡಿ ಒಳಗೆ ಬರಬೇಕು. ಅದನ್ನು ಇಟ್ಟುಕೊಂಡರೆ ಇನ್ನೊಂದು ಸಾವು ಬಾಗಿಲಿಗೆ ಬರುತ್ತದೆಂದು ನಂಬಿಕೆ. ಇದು ತಾತನಿಗೆ ಗೊತ್ತು, ಅಜ್ಜಿಗೆ ಗೊತ್ತು, ಅತ್ತೆಗೂ ಗೊತ್ತು. ಇಂಥ ಕಾರ್ಡುಗಳನ್ನು ನಮ್ಮಪ್ಪ ಹರಿದು ಚರಂಡಿಗೆ ಹಾಕಿದ್ದನ್ನು ನಾನೂ ನೋಡಿದ್ದೆ. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟೇ ಸಹಜವಾಗಿ ನಡೆಯುತ್ತಿದ್ದ ಸಂಗತಿ ಅದು. ಅದಕ್ಕೇ ಇರಬೇಕು, ಅಷ್ಟು ದಿನ ಕೂತು ಅಷ್ಟು ಕಾಗದ ಓದಿದರೂ ಅದರಲ್ಲಿ ಒಬ್ಬರೂ ಸತ್ತಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಪೆಟ್ಟಿಗೆಗಳಲ್ಲಿ ಹುಟ್ಟಿದವರು ಮಾತ್ರ ಇದ್ದರು. ಸತ್ತವರೆಲ್ಲ ಚರಂಡಿಯಲ್ಲಿ ಹೋಗಿದ್ದರು. ಪ್ಲೇಗಿನಲ್ಲಿ ಹೋದವರ ಹೆಸರನ್ನು ಬಾಯಲ್ಲಿ ಆಡುವುದೂ ಕೆಟ್ಟದ್ದೆಂದು ತಾತನ ಅಪ್ಪ ತಮ್ಮನ ಹೆಸರನ್ನೇ ಬಿಟ್ಟಿದ್ದ. ಅದನ್ನು ತಾತ ಮುನಿಸು ಎಂದುಕೊಂಡಿದ್ದ.

ಮೇಷ್ಟ್ರ ತಾತ ಬೇರೆ ಯಾರೋ ಬಚ್ಚಪ್ಪ. ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ಬಚ್ಚಪ್ಪನಿಗೆ ಬೀಳುತ್ತದೆ.

ಅಜ್ಜಿ ಹೊರಗೆ ಓಡಿ ಚಪ್ಪರದ ಕೆಳಗಿದ್ದ ತಾತನನ್ನು ಕರೆತಂದಳು. ಅಕ್ಕಯ್ಯಜ್ಜಿ ಮತ್ತೆ ಎಲ್ಲವನ್ನೂ ಹೇಳಿದಳು. "ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲೋ. ಕಾಗ್ದ ಈಸ್ಕೊಂಡು ಎದ್ದೋದೆ. ಯಾಕೆ ಅಂತ ಒಂದು ಮಾತು ಬಾಯಿ ಬಿಡ್ಲಿಲ್ಲ."

ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಅತ್ತೆಯ ಎರಡೂ ಕೈ ಅರಿಶಿನದಲ್ಲಿ ಮುಳುಗಿದ್ದವು. ಅವಳು ತಲೆಯೆತ್ತಿ, ಅಷ್ಟು ಹೆಂಗಸರ ಮುಂದೆ, "ಅಪ್ಪಾ, ಮೇಷ್ಟ್ರಿಗೆ ಇನ್ನೂ ಎಲ್ಲೂ ಹೆಣ್ಣು ಗೊತ್ತಾಗಿಲ್ವಂತೆ" ಎಂದಳು.

ಅವಳು ಆ ಸುದ್ದಿಯನ್ನು ಯಾರಿಂದ ಕೇಳಿದ್ದಳೋ, ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದಳೋ ನನಗೆ ಗೊತ್ತಿಲ್ಲ. ತಾತ ಅವಳ ಮುಖ ನೋಡಲಿಲ್ಲ. ಹೊರಗಿನ ತೆಂಗಿನ ಗರಿಗಳ ಕಡೆ ನೋಡುತ್ತಾ, "ಚಪ್ಪರ ಹಾಕಾಯ್ತಲ್ಲಮ್ಮ" ಎಂದ. "ನಾಳೆ ಬೆಳಿಗ್ಗೆ ದಿಬ್ಬಣ ಬಂದು ಇಳೀತದೆ. ನಾಲ್ಕು ಜನ್ದ ಮುಂದೆ ನಾನು ಏನಂತ ಹೇಳ್ಲಿ?"

ಏನಾದರೂ ಹೇಳಬಹುದಿತ್ತು. ಕಾಗದ ತಪ್ಪು ಹೇಳಿತು ಎನ್ನಬಹುದಿತ್ತು, ನಾನು ತಪ್ಪಿದೆ ಎನ್ನಬಹುದಿತ್ತು, ಕಾಲು ಹಿಡಿಯಬಹುದಿತ್ತು. ತಾತ ಹೆಂಗಸರ ಕಡೆ ತಿರುಗಿ, "ಹಚ್ರಮ್ಮ, ಹೊತ್ತಾಗ್ತದೆ" ಎಂದು ಹೊರಗೆ ಹೋದ. ಅವನು ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಆದರೂ ಆ ಮಾತಿಗೆ ಅವನನ್ನು ನಾನು ಕ್ಷಮಿಸಿಲ್ಲ, ಈ ವಯಸ್ಸಿನಲ್ಲಿ ಇನ್ನು ಕ್ಷಮಿಸುವ ಹಾಗೂ ಇಲ್ಲ. ಅತ್ತೆ ತಾನೇ ಕೈ ಮುಂದೆ ಚಾಚಿದಳು. ಯಾರೋ ಹಾಡನ್ನು ಮತ್ತೆ ಎತ್ತಿಕೊಂಡರು.

ಮದುವೆಯಾದ ಮೇಲೆ ಅತ್ತೆ ತವರಿಗೆ ಬಂದದ್ದು ಎರಡೇ ಸಲ. ಮೊದಲ ಸಲ ಗೌರಿ ಹಬ್ಬಕ್ಕೆ. ಅಳಿಗುಳಿಮಣೆ ತಂದಿಟ್ಟೆ. ಆಡುತ್ತಾ ಆಡುತ್ತಾ ತನ್ನ ಬೀಜ ಎಲ್ಲಿದೆ ಎಂಬುದನ್ನೇ ಮರೆತು ಸೋತಳು. ಎರಡನೇ ಸಲ, ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಹೋದ ಮೇಲೆ, ಸುಧಾರಿಸಿಕೊಳ್ಳಲಿ ಎಂದು ಕಳಿಸಿದ್ದರು. ಗಂಡ ಹೊಡೆಯುತ್ತಾನಾ ಎಂದು ಅಜ್ಜಿ ಕೇಳಿದ್ದಕ್ಕೆ, "ಹೊಡಿಯಲ್ಲಮ್ಮ. ಮಾತಾಡಲ್ಲ" ಎಂದಳು. ಆ ಮನೆಯಲ್ಲಿ ಅವಳಿಗೆ ಓದಲು ಒಂದು ಹಳೆಯ ಪೇಪರಿನ ಚೂರೂ ಸಿಗುತ್ತಿರಲಿಲ್ಲವಂತೆ.

ಮತ್ತೆ ಬಸುರಿಯಾದಾಗ ಹೆರಿಗೆಗೆ ಕಳಿಸಿ ಎಂದು ನಮ್ಮಪ್ಪ ಹೋಗಿ ಕೇಳಿ ಬಂದ. ಕುಯಿಲು ಮುಗಿಯಲಿ ಎಂದರು. ಕುಯಿಲು ಮುಗಿದ ಮೇಲೆ ಒಕ್ಕಣೆ ಮುಗಿಯಲಿ ಎಂದರು. ಅಜ್ಜಿ ಬಾಣಂತಿ ಮದ್ದು ಕುಟ್ಟಿಟ್ಟಳು, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹರಿದು ಮಗುವಿಗೆಂದು ಮಡಿಸಿಟ್ಟಳು. ಹಜಾರದ ಮೂಲೆಯಲ್ಲಿ ತೊಟ್ಟಿಲು ಕಟ್ಟಲು ಕೊಂಡಿ ಹಾಕಿಸಿದಳು.

ಕಾರ್ಡು ಬಂದ ದಿನ ನಾನು ಸ್ಕೂಲಿನಿಂದ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಅಜ್ಜಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಹೊಲದಿಂದ ಬರುತ್ತಿದ್ದ ಅಪ್ಪನ ಕೈಗೆ ಪೋಸ್ಟಿನವನು ಬೀದಿಯಲ್ಲೇ ಕಾರ್ಡು ಕೊಟ್ಟ. ಅಪ್ಪ ನಿಂತಲ್ಲೇ ಅದರ ಮೇಲೆ ಕಣ್ಣು ಹಾಕಿದ.

"ಏನಂತಪ್ಪ? ಹೆರಿಗೆ ಆಯ್ತಂತಾ?" ಎಂದಳು ಅಜ್ಜಿ.

"ಇಲ್ಲಮ್ಮ. ಸರೋಜಂಗೆ ಸ್ವಲ್ಪ ಹುಷಾರಿಲ್ವಂತೆ. ಗಾಡಿ ಕಟ್ತೀನಿ, ಹೊರಡು" ಎಂದ ಅಪ್ಪ. ತಾಯಿಗೆ ಆ ಗಳಿಗೆ ತಿಳಿಯುವುದು ಬೇಡ, ದಾರಿಯಲ್ಲಿ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡಿದ್ದನಂತೆ. ದನಿಯೂ ಸರಿಯಾಗಿಯೇ ಇತ್ತು. ಆದರೆ ಬಾಯಿ ಅಷ್ಟು ಹೇಳುತ್ತಿರುವಾಗಲೇ ಅವನ ಕೈಗಳು ಆ ಕಾರ್ಡನ್ನು ಹರಿಯುತ್ತಿದ್ದವು. ಎರಡು ತುಂಡು, ಮತ್ತೆ ನಾಲ್ಕು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

ಅಜ್ಜಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಮೊರವನ್ನು ರಾಗಿ ಚೆಲ್ಲದ ಹಾಗೆ ಮೆಲ್ಲಗೆ ಕೆಳಗಿಟ್ಟು, ಹೊಸ್ತಿಲ ಮೇಲೆ ಕುಸಿದಳು.

ಗಾಡಿ ಹೋಗಿ ಸೇರುವಷ್ಟರಲ್ಲಿ ಆ ಮನೆಯವರು ಮಣ್ಣು ಮಾಡಿಯಾಗಿತ್ತು. "ಮಗೂನೂ ಹೋಯ್ತು" ಎಂದಷ್ಟೇ ಹೇಳಿದರಂತೆ. ಅದಕ್ಕಿಂತ ಹೆಚ್ಚಿಗೆ ಕೇಳುವ ತ್ರಾಣ ಅಜ್ಜಿಗಿರಲಿಲ್ಲ, ಗಂಡಸಾಗಿ ಅಪ್ಪನಿಗೆ ಕೇಳಲು ನಾಲಿಗೆ ಬರಲಿಲ್ಲ. ಕಾರ್ಡಿನಲ್ಲಿ ಬರೆದಿತ್ತೋ ಏನೋ. ಮೊದಲ ಸಾಲಿನಿಂದಾಚೆಗೆ ಅಪ್ಪ ಓದಿರಲಿಲ್ಲ, ಚೂರುಗಳು ಬಚ್ಚಲ ನೀರಿನ ಜೊತೆ ಹೋಗಿದ್ದವು. ಆ ಮೇಲೆ ನಮ್ಮ ಮನೆಯಲ್ಲಿ ಅತ್ತೆಯ ಹೆಸರನ್ನು ಎತ್ತುವುದು ಕಡಿಮೆಯಾಯಿತು. ಮೂಲೆಯ ಕೊಂಡಿಗೆ ಯಾರೋ ಲಾಂದ್ರ ತೂಗುಹಾಕಿದರು.

ಈಗ ಯಾರ ಮನೆಗೂ ಕಾಗದ ಬರುವುದಿಲ್ಲ. ಯಾರಾದರೂ ಹೋದರೆ ಊಟದ ನಡುವೆ ಫೋನು ಬರುತ್ತದೆ, ಅಯ್ಯೋ ಎಂದು ಊಟ ಮುಗಿಸಿ ಏಳುತ್ತೇವೆ. ತಾತ, ಅಜ್ಜಿ, ಅಪ್ಪ, ಅಕ್ಕಯ್ಯಜ್ಜಿ ಎಲ್ಲರೂ ಹೋಗಿ ಬಹಳ ಕಾಲವಾಯಿತು. ಗೌರಿಬಿದನೂರಿನ ಆ ಮನೆ ಮಾರಾಟವಾಗಿ, ಅಲ್ಲಿದ್ದವರು ಚದುರಿ ಎಲ್ಲೆಲ್ಲಿಗೋ ಹೋದರೆಂದು ಕೇಳಿದ್ದೇನೆ. ನಾನು ಒಂದು ಸಲ ಹುಡುಕಿಕೊಂಡೂ ಹೋಗಿದ್ದೆ. ಸರೋಜಮ್ಮ ಎಂದರೆ ಯಾರಿಗೂ ಗುರುತಿರಲಿಲ್ಲ. ನಮ್ಮ ವಂಶದಲ್ಲಿ ಯಾರು ಯಾರ ಮಗ, ಯಾರು ಯಾರ ಮಗಳು ಎಂದು ಒಂದು ಬೇಸಿಗೆಯೆಲ್ಲ ಕೂತು ಹುಡುಕಿದವಳು ಅವಳು. ಅವಳಿಗೆ ಹುಟ್ಟಿದ್ದು ಹೆಣ್ಣೋ ಗಂಡೋ ಎಂದು ಹೇಳುವವರು ಈಗ ಯಾರೂ ಉಳಿದಿಲ್ಲ.